ಎಂಟು ಸ್ವರದ ಲಾಭ

ಆದೋನಿಯ ಹತ್ತಿ ವ್ಯಾಪಾರಿ ಸಿದ್ದಬಸಪ್ಪನವರ ಮಗ ಮರಿಬಸಪ್ಪನ ಮಾನ ಗಿಟಾರಿನಿಂದ ಹೋಯಿತು ಎಂದು ಊರವರು ಹೇಳುತ್ತಾರೆ. ಬಾಯಿಲ್ಲದ ಮರದ ಮೇಲೆ ಹೊರಿಸಿದ ಅಪವಾದ ಅದು. ಮಾನ ಹೋದದ್ದು ಪಕ್ಕದ ಮನೆಯ ಉಚ್ಚೀರಪ್ಪನ ಬಾಯಿಯಿಂದ. ಹೆಣ್ಣಿನ ಮಾತು ತೆಗೆಯಲು ಹೊಳಗುಂದಕ್ಕೆ ಹೋದ ಮನುಷ್ಯ, ಹುಡುಗನಿಗೆ ಮನೆ ಇದೆ, ಮಂಡಿ ಇದೆ, ಚಟ ಇಲ್ಲ ಎಂದಷ್ಟೇ ಹೇಳಿ ಎಲೆಅಡಿಕೆ ಹಾಕಿಕೊಂಡು ಬರಬಹುದಿತ್ತು. ಅಷ್ಟಕ್ಕೆ ಬಿಡದೆ, "ನಮ್ಮ ಹುಡುಗ ದೊರೆಗಳ ವೀಣಿ ಬಾರಿಸ್ತಾನರಿ, ಗುಂತಕಲ್ಲಿನಾಗ ದೊರೆಗಳ ಕೂಡ ಕುಂತು ಕಲ್ತಾನ" ಎಂದು ಮೇಲೊಂದು ಒಗ್ಗರಣೆ ಹಾಕಿ ಬಂದ.

"ಹಂಗಾದ್ರ ಬರೂ ಮುಂದ ಅದನ್ನೂ ತರ್ರಿ, ಕೇಳೂಣು" ಎಂದಳಂತೆ ಹುಡುಗಿಯ ಅಜ್ಜಿ ಮಹಾಂತಮ್ಮ.

ಈ ಸುದ್ದಿಯನ್ನು ಉಚ್ಚೀರಪ್ಪ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದು, ಹೆಣ್ಣು ನೋಡಲು ಹೊರಟ ಸೋಮವಾರ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಹೊರಗೆ ಹಾಕಿದ. ಮರಿಬಸಪ್ಪ ಹತ್ತಿದ ಮೆಟ್ಟಿಲಿನಿಂದ ಕೆಳಗಿಳಿದ.

"ಕಾಕಾ, ಯಾಕ ಹೇಳಿದ್ರಿ? ನನಗದು ಪೂರಾ ಬರೂದಿಲ್ಲರಿ."

"ಅವರಿಗೇನು ತಿಳೀತೈತಿ ಬಿಡೋ ತಮ್ಮಾ! ಹೊಳಗುಂದದಾಗ ಗಿಟಾರು ಕಂಡವರು ಯಾರದಾರ? ನೀ ಸುಮ್ನ ಬೆರಳು ಆಡಿಸು, ನಾ ಭೇಷ್ ಅಂತೀನಿ. ಓಡು, ಜಲ್ದಿ ತಗೊಂಡು ಬಾ."

ಸಿದ್ದಬಸಪ್ಪನವರೂ ಹೌದೆಂದರು. ಇದ್ದದ್ದನ್ನು ತೋರಿಸದೆ ವ್ಯಾಪಾರ ಆಗುವುದಿಲ್ಲ ಎಂಬುದು ಅವರ ಮತ. ಮರಿಬಸಪ್ಪ ಮನೆಗೆ ಓಡಿ, ಗಿಟಾರನ್ನು ಹತ್ತಿಯ ಚೀಲದಲ್ಲಿ ಸುತ್ತಿ ತಂದ.

ಪೂರಾ ಬರುವುದಿಲ್ಲ ಎಂದ ಮಾತಿನಲ್ಲೂ ಅವನು ಸ್ವಲ್ಪ ಬಡಾಯಿ ಕೊಚ್ಚಿದ್ದ. ನಿಜವಾಗಿ ಅವನಿಗೆ ಬರುತ್ತಿದ್ದುದು ಒಂದೇ ಒಂದು. ಹತ್ತಿಯ ಬೇಲುಗಳನ್ನು ರೈಲಿಗೆ ಹಾಕಿಸಲು ಗುಂತಕಲ್ಲಿಗೆ ಹೋಗಿಬರುವಾಗ ಪೀಟರ್ಸ್ ಎಂಬ ಗಾರ್ಡಿನ ಗೆಳೆತನವಾಗಿತ್ತು. ರೈಲ್ವೆ ಕಾಲೊನಿಯಲ್ಲೇ ಹುಟ್ಟಿ ಬೆಳೆದು, ತೆಲುಗನ್ನು ನೀರು ಕುಡಿದಂತೆ ಆಡುವ ಆಂಗ್ಲೋ-ಇಂಡಿಯನ್ ಮನುಷ್ಯ. ಸಂಜೆ ವರಾಂಡದಲ್ಲಿ ಕುಳಿತು ಗಿಟಾರು ನುಡಿಸುತ್ತಿದ್ದ. ಅಮೆರಿಕದಲ್ಲಿ ಹತ್ತಿ ಬಿಡಿಸುವ ಕರಿಯ ಜನ ಹೊಟ್ಟೆಯ ಸಂಕಟ ತಾಳಲಾರದೆ ಹಾಡಿಕೊಂಡ ಹಾಡು, ಬ್ಲೂಸ್ ಎನ್ನುತ್ತಾರೆ ಎಂದು ಅವನು ಹೇಳಿದಾಗ ಮರಿಬಸಪ್ಪನಿಗೆ ರೋಮಾಂಚನವಾಯಿತು. ಹತ್ತಿ ಎಂದಮೇಲೆ ಅದು ನಮ್ಮದೇ ಅಲ್ಲವೆ? ಒಳ್ಳೆಯ ಹತ್ತಿ ತುಂಬಿದ ಒಂದು ಹಾಸಿಗೆ, ಎರಡು ದಿಂಬು ಕೊಟ್ಟರೆ ಹಳೆಯ ಗಿಟಾರೂ ಕೊಡುತ್ತೇನೆ, ಪಾಠವೂ ಹೇಳುತ್ತೇನೆ ಎಂದ ಪೀಟರ್ಸ್.

ಮೊದಲ ದಿನ ಪೀಟರ್ಸ್ ಐದು ಸ್ವರ ನುಡಿಸಿ ತೋರಿಸಿದ. ಇಷ್ಟೇ ಬ್ಲೂಸು, ಇದರಲ್ಲೇ ನಗಬೇಕು, ಇದರಲ್ಲೇ ಅಳಬೇಕು ಎಂದ. ಮರಿಬಸಪ್ಪನ ಮುಖ ಸಪ್ಪಗಾಯಿತು. ಐದು ಸ್ವರವನ್ನು ನಮ್ಮ ಓಣಿಯ ಭಜನೆಯವರೂ ಹಾಡುತ್ತಾರೆ. "ಆಗಳೆ ನಡುವ ಒಂದು ಸರ್ರಂತ ಮ್ಯಾಲೆ ಹತ್ತಿ ಹೋತಲ್ಲ, ಅದ್ಯಾವುದು?" ಎಂದು ಕೇಳಿದ.

"ಅದು ಡಿಮಿನಿಶ್ಡ್ ಸ್ಕೇಲ್, ಸ್ವರದ ಏಣಿ. ಅದರಾಗ ಎಂಟು" ಎಂದ ಪೀಟರ್ಸ್.

ಎಂಟು ಎಂದ ಕೂಡಲೇ ವ್ಯಾಪಾರಿಯ ಮಗನ ಕಿವಿ ನೆಟ್ಟಗಾಯಿತು. ಹಾಸಿಗೆಯಂತೂ ಒಂದೇ. ಅದಕ್ಕೆ ಎಂಟು ಸಿಗುವಾಗ ಐದು ಕೊಳ್ಳುವವನು ಮಂಡಿಗೆ ಬೀಗ ಹಾಕಿ ದನ ಕಾಯಲು ಹೋಗಬೇಕು. ಅದನ್ನೇ ಕಲಿಸು ಎಂದು ಪಟ್ಟು ಹಿಡಿದ. "ಬಾಬೂ, ಅದಿ ಕಾರಂ! ಅನ್ನಂ ಲೇಕುಂಡಾ ಕಾರಂ ತಿಂಟಾರಾ?" ಎಂದು ಪೀಟರ್ಸ್ ನಕ್ಕು ಹೇಳಿದ. ಅನ್ನವಿಲ್ಲದೆ ಬರೀ ಖಾರ ತಿನ್ನುವುದುಂಟೆ? ಅದನ್ನು ಹಾಡಿನ ನಡುವೆ ಚಿಟಿಕೆಯಷ್ಟು ಹಾಕಿ, ಕೇಳುವವರ ಎದೆಯನ್ನು ಒಂದು ಗಳಿಗೆ ತೂಗುಬಿಟ್ಟು, ತಟಕ್ಕನೆ ಮನೆಗೆ, ಅಂದರೆ ಹೊರಟ ಸ್ವರಕ್ಕೆ, ಇಳಿದುಬಿಡಬೇಕು ಎಂದು ಬಿಡಿಸಿ ಹೇಳಿದ. ಮರಿಬಸಪ್ಪ ಈ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ. ಏರುವುದನ್ನು ಕಲಿತ. ಇಳಿಯುವುದನ್ನು ಮುಂದಿನ ವಾರ ಹೇಳಿಕೊಡುವುದಿತ್ತು. ಅಷ್ಟರಲ್ಲಿ ಯುದ್ಧದ ರೈಲುಗಳಿಗೆಂದು ಪೀಟರ್ಸನನ್ನು ಅಸ್ಸಾಮಿನ ಕಡೆಗೆ ಕಳಿಸಿಬಿಟ್ಟರು. ಹಾಸಿಗೆಯೂ ಅವನ ಜೊತೆಗೇ ಹೋಯಿತು.

ಆ ಏರುವ ವಿದ್ಯೆ ಕೈಗೆ ಬಲು ಸುಲಭ. ಗಿಟಾರಿನ ಕತ್ತಿನ ಮೇಲೆ ಒಂದು ಮೆಟ್ಟು ಬಿಟ್ಟು ಮುಂದಿನದನ್ನು ಒತ್ತು, ಆಮೇಲೆ ಅದರ ಪಕ್ಕದ್ದನ್ನು ಒತ್ತು. ಮತ್ತೆ ಒಂದು ಬಿಡು, ಮತ್ತೆ ಪಕ್ಕದ್ದು. ಆದರೆ ಮೂರು ಮೆಟ್ಟು ಮೇಲೆ ಹೋದರೆ ಅದೇ ನಡೆ, ಇನ್ನೂ ಮೂರು ಹೋದರೆ ಮತ್ತೆ ಅದೇ. ಒಂದೇ ಅಚ್ಚಿನ ಬಾಗಿಲುಗಳಿರುವ ಓಣಿಯಲ್ಲಿ ಕತ್ತಲಾದಂತೆ, ಎಲ್ಲ ಮನೆಯೂ ನಮ್ಮದೇ ಅನ್ನಿಸುತ್ತದೆ, ಯಾವ ಬಾಗಿಲೂ ತೆರೆಯುವುದಿಲ್ಲ. ತನ್ನ ಕೋಣೆಯಲ್ಲಿ ಮರಿಬಸಪ್ಪ ಬೇಸರವಾದಾಗ ಗಿಟಾರನ್ನು ಮೂಲೆಗಿಟ್ಟು ಊಟಕ್ಕೆ ಏಳುತ್ತಿದ್ದ. ಅವನಿಗೆ ಗೊತ್ತಿದ್ದ ಮುಕ್ತಾಯ ಅದೊಂದೇ.

ಯುದ್ಧಕಾಲದ ಪೆಟ್ರೋಲಿನ ಬರದಿಂದ ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಕೆಮ್ಮುತ್ತ, ಏರು ಬಂದಲ್ಲಿ ಜನರನ್ನು ಇಳಿಸುತ್ತ ಹೊಳಗುಂದದ ಕಡೆಗೆ ಹೊರಟಿತು. ಮರಿಬಸಪ್ಪ ಚೀಲದ ಗಂಟನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ. ಪಕ್ಕದಲ್ಲಿದ್ದ ಗಿಡ್ಡಮ್ಮ ಎಂಬ ಮುದುಕಿ ಅದನ್ನು ನೋಡಿ ನೋಡಿ ಮರುಗಿದಳು.

"ಕೂಸಿಗೆ ಏನಾಗೇತಪ್ಪಾ? ಅಳಂಗಿಲ್ಲ, ಮಿಸುಕಂಗಿಲ್ಲ!"

"ಕೂಸಲ್ಲಮ್ಮಾ, ಗಿಟಾರು."

"ಅಯ್ಯೋ ಶಿವನ! ಹೊಸಾ ಬ್ಯಾನಿ ಇರಬೇಕು. ಬಜಿ ಬೇರು ತೇಯ್ದು ನೆಕ್ಕಸಪ್ಪ, ಇಳೀತೈತಿ" ಎಂದಳು ಗಿಡ್ಡಮ್ಮ. ಬಸ್ಸೆಲ್ಲ ನಕ್ಕಿತು. ಮರಿಬಸಪ್ಪ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ನಾಚಿಕೆಯ ಬೋಣಿ ಅಲ್ಲಿಯೇ ಆಯಿತು.

ಬೇರೆ ಹೆಣ್ಣಾಗಿದ್ದರೆ ಅವನು ಹೊಟ್ಟೆನೋವಿನ ನೆಪ ಹೇಳಿ ನಡುದಾರಿಯಲ್ಲೇ ಇಳಿದುಬಿಡುತ್ತಿದ್ದ. ಆದರೆ ಇದು ಹೂವಮ್ಮ. ಹೋದ ಸುಗ್ಗಿಯಲ್ಲಿ ಅವಳು ಅಪ್ಪನ ಹತ್ತಿ ಬಂಡಿಗಳ ಜೊತೆ ಆದೋನಿಗೆ, ಹತ್ತಿಯ ಬೀಜ ತೆಗೆಯುವ ಜಿನ್ನಿಂಗ್ ಮಿಲ್ಲಿಗೆ ಬಂದಿದ್ದಳು. ಮರಿಬಸಪ್ಪನ ತಲೆ, ಹುಬ್ಬು, ಮೀಸೆ ಎಲ್ಲಕ್ಕೂ ಅರಳೆ ಮೆತ್ತಿ ಬೆಳ್ಳಗಾಗಿತ್ತು. "ಅಜ್ಜಾ, ದಾರಿ ಬಿಡ್ರಿ" ಎಂದಿದ್ದಳು ಹಿಂದಿನಿಂದ. ಅವನು ತಿರುಗಿದಾಗ ಮುಖ ನೋಡಿ, ಸೆರಗು ಬಾಯಿಗೊತ್ತಿ ನಕ್ಕಿದ್ದಳು. ಆ ನಗೆ ಅಂದಿನಿಂದ ಅವನ ಎದೆಯಲ್ಲಿ ಕೂತು ಬಾಡಿಗೆಯನ್ನೂ ಕೊಡದೆ, ಖಾಲಿಯನ್ನೂ ಮಾಡದೆ ಇತ್ತು. ಇವಳಲ್ಲದೆ ಬೇರೆ ಹೆಣ್ಣು ಬೇಡವೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದ.

ಹೂವಮ್ಮನ ಅಪ್ಪ ಉರುಕುಂದಪ್ಪ ಹೊಳಗುಂದದಲ್ಲಿ ಹೊಲ, ಜೋಡಿ ಎತ್ತು, ದೊಡ್ಡ ಪಡಸಾಲೆ ಇದ್ದ ಕುಳ. ಕಾಲಿಗೆ ನೀರು ಕೊಟ್ಟು, ವಿಭೂತಿ ಕೊಟ್ಟು ಜಮಖಾನೆಯ ಮೇಲೆ ಕೂರಿಸಿದರು. ಒಳಗಿಂದ ಮಂಡಕ್ಕಿ ಉಗ್ಗಾಣಿಯ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ಕರಿಯುವ ವಾಸನೆ ಬರುತ್ತಿತ್ತು. ಊರ ಹಿರಿಯ ಮಾರಣ್ಣ ಬಾಯಿ ತುಂಬ ಎಲೆಅಡಿಕೆ ತುಂಬಿಕೊಂಡು ಬಂದು ಗೋಡೆಗೊರಗಿದ. ಹೆಂಗಸರು ಅಡುಗೆಮನೆಯ ಬಾಗಿಲ ಪರದೆಯ ಹಿಂದೆ ಕೂತರು. ಹೂವಮ್ಮ ಅಲ್ಲಿಯೇ ಇದ್ದಳು, ಅಜ್ಜಿ ಮಹಾಂತಮ್ಮ ಅವಳ ಮುಂದೆ.

ತಟ್ಟೆಗಳು ಬಂದವು. ಮರಿಬಸಪ್ಪ ಕೈ ಚಾಚುವಷ್ಟರಲ್ಲಿ ಪರದೆಯ ಹಿಂದಿನಿಂದ ಅಜ್ಜಿಯ ದನಿ ಕೇಳಿತು. "ಮೊದಲ ವೀಣಿ ಆಗ್ಲಿ. ನಮ್ಮನಿ ಪದ್ಧತಿ ಹೇಳೋ ಉರುಕುಂದಾ."

ಉರುಕುಂದಪ್ಪ ಕೈಮುಗಿದು ಹೇಳಿದ. "ಏನಿಲ್ಲರಿ ಬೀಗರ, ಶುಭಕಾರ್ಯದಾಗ ಎತ್ತಿದ ಹಾಡು ಮುಗಿಯೂತನಕ ನಮ್ಮನ್ಯಾಗ ಯಾರೂ ಏಳಂಗಿಲ್ಲ, ತಿನ್ನಂಗಿಲ್ಲ. ನಮ್ಮವ್ವನ ತಂಗಿ ಲಗ್ನದಾಗ ಸೋಬಾನಿ ಪದ ಅರ್ಧಕ್ಕ ನಿಂತಿತ್ತಂತ. ಮದುಮಗ ಮರುದಿನ ಕಾಶಿಗೆ ಅಂತ ಹೋದಾವ ಇವತ್ತಿಗೂ ಬಂದಿಲ್ಲ."

"ಬರಾಬ್ಬರಿ ಪದ್ಧತಿ!" ಎಂದ ಉಚ್ಚೀರಪ್ಪ. ಮರಿಬಸಪ್ಪ ಬಜ್ಜಿಯ ತಟ್ಟೆಯನ್ನು ದೂರ ಸರಿಸಿದ.

ಅವನು ಗಿಟಾರನ್ನು ಮಡಿಲಿಗೆ ಎಳೆದುಕೊಂಡು, ಶಿವನನ್ನು ನೆನೆದು, ಎಲ್ಲಕ್ಕಿಂತ ದಪ್ಪನೆಯ ತಂತಿಯನ್ನು ಎಲ್ಲಿಯೂ ಒತ್ತದೆ ಹಾಗೆಯೇ ಮೀಟಿದ. ಘುಮ್ಮೆಂದು ಪಡಸಾಲೆ ತುಂಬಿತು. ಜನ ತಲೆದೂಗಿದರು. ಬೆರಳು ಏರತೊಡಗಿತು, ಒಂದು ಬಿಟ್ಟು ಒಂದು, ಪಕ್ಕದ್ದು, ಮತ್ತೆ ಬಿಟ್ಟು. ಮುಂದೇನೋ ಆಗಲಿದೆ ಎಂದು ಎಲ್ಲರೂ ಮುಂದಕ್ಕೆ ಬಾಗಿದರು. ಮೂರು ಮೆಟ್ಟು, ಇನ್ನೂ ಮೂರು ಮೆಟ್ಟು. ಒಂದು ಕಡೆ ನಿಲ್ಲಿಸಿ ನೋಡಿದ. ನಿಂತ ಸ್ವರ ಜಂತಿಗೆ ಕಟ್ಟಿದ ಹಗ್ಗದಂತೆ ಗಾಳಿಯಲ್ಲಿ ತೂಗಿತು. ಇದು ಮುಗಿಯಿತು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ಭೇಷ್! ಇನ್ನಾ ಐತ್ರಿ, ಇನ್ನಾ ಐತಿ!" ಎಂದು ಉಚ್ಚೀರಪ್ಪ ಕೊಟ್ಟ ಮಾತು ಉಳಿಸಿಕೊಂಡ.

ಮರಿಬಸಪ್ಪ ಮತ್ತೆ ಏರಿದ. ಇನ್ನೊಂದು ತಂತಿಗೆ ದಾಟಿದ, ಅಲ್ಲಿಯೂ ಏರಿದ. ಮೆಟ್ಟುಗಳು ಮುಗಿದುವು. ಕೆಳಗೆ ಬಂದು ಇನ್ನೊಂದು ಮೆಟ್ಟಿನಿಂದ ಹೊರಟ, ಅದೂ ಅದೇ ಆಗಿತ್ತು. ಗಾಣದ ಎತ್ತಿಗಾದರೂ ಎಣ್ಣೆ ಮುಗಿದರೆ ಬಿಡುಗಡೆ ಉಂಟು. ಬಜ್ಜಿಗಳು ತಣ್ಣಗಾಗಿ ಬಾಡಿದವು. ಉಗ್ಗಾಣಿಯ ಮೇಲೆ ನೊಣ ಕೂತಿತು, ಓಡಿಸುವವರಿಲ್ಲ. ಮಾರಣ್ಣನ ಬಾಯಲ್ಲಿ ಎಲೆಯ ರಸ ತುಂಬಿ, ಉಗುಳಲು ಏಳುವಂತಿಲ್ಲದೆ, ಕೆನ್ನೆ ಬುಡ್ಡೆಯಂತೆ ಉಬ್ಬಿ, ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಉಚ್ಚೀರಪ್ಪ, "ನೋಡ್ರಿ, ಹಿರ್ಯಾರ ಕಣ್ಣಾಗ ನೀರು!" ಎಂದು ಪಡಸಾಲೆಗೆಲ್ಲ ತೋರಿಸಿದ. ಸಿದ್ದಬಸಪ್ಪನವರು ಮಗನ ಕಡೆಗೆ ಕಣ್ಣಿನಿಂದಲೇ ಸಾಕೋ, ಸಾಕೋ ಎಂದು ಸನ್ನೆ ಮಾಡಿದರು.

ಸಾಕು ಮಾಡುವುದು ಹೇಗೆಂದು ಗೊತ್ತಿದ್ದರೆ ತಾನೆ? ಮರಿಬಸಪ್ಪನ ಕಿವಿ ಕೆಂಪಾಯಿತು, ಆಮೇಲೆ ಕುತ್ತಿಗೆ, ಆಮೇಲೆ ಅಂಗಿಯೊಳಗೆಲ್ಲ ಬೆವರು. ಇಲ್ಲಿ ಕೂತಿರುವವರೆಲ್ಲ ಒಳ್ಳೆಯವರು, ಹಸಿದುಕೊಂಡು ತನ್ನ ಮಾನ ಕಾಯುತ್ತಿದ್ದಾರೆ ಎಂದು ತಿಳಿದಾಗ ಅವನ ನಾಚಿಕೆ ಎರಡು ಪಟ್ಟಾಯಿತು. ಪೀಟರ್ಸನ ನಗೆ ಕಿವಿಯಲ್ಲಿ ಕೇಳಿಸಿತು. ಬರೀ ಖಾರವನ್ನು ಇಷ್ಟು ಜನಕ್ಕೆ ಬಡಿಸುತ್ತ ಕೂತಿದ್ದ, ಅನ್ನದ ಅಗುಳು ಕೈಯಲ್ಲಿರಲಿಲ್ಲ. ಎಂಟಕ್ಕೆ ಆಸೆಪಟ್ಟು ಐದನ್ನು ಬಿಟ್ಟ ಬುದ್ಧಿಗೆ ಅವನು ಮನಸ್ಸಿನಲ್ಲೇ ಚಪ್ಪಲಿಯಲ್ಲಿ ಹೊಡೆದುಕೊಂಡ. ಪರದೆಯ ಹಿಂದೆ ಹೂವಮ್ಮ ಕೂತು ಇದನ್ನೆಲ್ಲ ಕೇಳುತ್ತಿದ್ದಾಳೆ ಎಂಬುದನ್ನು ನೆನೆದರೆ ಗಿಟಾರಿನ ತೂತಿನೊಳಗೆ ಇಳಿದು ಬಿಡೋಣ ಎನ್ನಿಸಿತು.

ಆ ಹೊತ್ತಿಗೆ ಪರದೆಯ ಹಿಂದಿನಿಂದ ಒಂದು ದನಿ ಬಂತು. "ಶಿವಾ..." ಮೇಲಿನಿಂದ ಹೊರಟು, ನಿಧಾನವಾಗಿ ಜಾರಿ, ಅವನು ಮೊದಲು ಮೀಟಿದ ದಪ್ಪ ತಂತಿಯ ಸ್ವರದ ಮೇಲೆಯೇ ಬಂದು ಕೂತಿತು. ಮುಳುಗುವವನು ಹಗ್ಗ ಹಿಡಿದಂತೆ ಮರಿಬಸಪ್ಪ ಎಲ್ಲ ಬೆರಳನ್ನೂ ತೆಗೆದು ಆ ದಪ್ಪ ತಂತಿಯನ್ನು ಘುಮ್ಮೆಂದು ಮೀಟಿ, ಅಂಗೈಯಿಂದ ಅದುಮಿಬಿಟ್ಟ.

ಮುಗಿಯಿತು. ಯಾರು ಕೇಳಿದರೂ ಮುಗಿಯಿತು ಎನ್ನಬೇಕು, ಹಾಗೆ ಮುಗಿಯಿತು. ಪಡಸಾಲೆ ಒಟ್ಟಿಗೆ ಉಸಿರು ಬಿಟ್ಟಿತು. ಮಾರಣ್ಣ ಎದ್ದು ಬಿದ್ದು ಅಂಗಳಕ್ಕೆ ಓಡಿದ.

"ಜೋಡಿ ಅಂದ್ರ ಇದು! ಹುಡುಗ ಎತ್ತಿದ, ಹುಡುಗಿ ಮುಗಿಸಿದ್ಲು!" ಎಂದು ಉಚ್ಚೀರಪ್ಪ ತೊಡೆ ತಟ್ಟಿದ. ಎಲ್ಲರಿಗೂ ಹಾಗೆಯೇ ಅನ್ನಿಸಿತ್ತು. ಉರುಕುಂದಪ್ಪನ ಮುಖ ಅರಳಿತು. ತಣ್ಣಗಿನ ಬಜ್ಜಿಯನ್ನು ಜನ ಪ್ರಸಾದದಂತೆ ತಿಂದರು. ಎಲೆಅಡಿಕೆ ಕೈ ಬದಲಾಯಿತು. ಮಾತು ಕೂಡಿತು. ಮರಿಬಸಪ್ಪ ಬೆಲ್ಲದ ಚೂರನ್ನು ಬಾಯಿಗಿಟ್ಟುಕೊಂಡು, ಕಣ್ಣು ತುಂಬಿ, ಕೈ ತೊಳೆಯುವ ನೆಪದಿಂದ ಹಿತ್ತಿಲಿಗೆ ಹೋದ.

ಹಂಡೆಯ ಹತ್ತಿರ ಹೂವಮ್ಮ ಚೊಂಬು ಹಿಡಿದು ನಿಂತಿದ್ದಳು. "ಕೈ ಒಡ್ರಿ" ಎಂದಳು.

"ನೀವು ಮುಗಿಸಿ ಕೊಟ್ರಿ. ನೀವು ಇದ್ದಿಲ್ಲಂದ್ರ ನನ್ನ ಮಾನ..." ಎಂದು ಮರಿಬಸಪ್ಪ ತೊದಲಿದ.

"ನಾ ಏನು ಮುಗಿಸೀನಿ?"

"ಒಳಗಿಂದ ಶಿವಾ ಅಂತ ಹಾಡಿದ್ರಲ್ಲ?"

ಹೂವಮ್ಮ ಸೆರಗು ಬಾಯಿಗೊತ್ತಿದಳು, ಮಿಲ್ಲಿನಲ್ಲಿ ಒತ್ತಿದಂತೆಯೇ. "ಅದು ನಾನಲ್ಲರಿ, ನಮ್ಮಜ್ಜಿ. ಆಕಿಗೆ ಮೊಣಕಾಲು ಬ್ಯಾನಿ. ನೀವು ಮುಗಸವಲ್ರಿ, ಆಕಿ ಏಳಂಗಿಲ್ಲ. ತಡಕೊಂಡು ತಡಕೊಂಡು, ಕಡೀಕ ಕಾಲು ಚಾಚಿ ಶಿವಾ ಅಂತ ನರಳಿದ್ಲು."

ಮರಿಬಸಪ್ಪನ ಒಡ್ಡಿದ ಕೈಯಿಂದ ನೀರು ಸೋರಿಹೋಯಿತು.

ಹೂವಮ್ಮ ನಗುವುದನ್ನು ನಿಲ್ಲಿಸಿ, ದನಿ ತಗ್ಗಿಸಿ ಕೇಳಿದಳು. "ಖರೇ ಹೇಳ್ರಿ. ನಿಮಗ ಏರೂದಷ್ಟ ಬರ್ತೈತಿ, ಇಳಿಯೂದು ಬರಂಗಿಲ್ಲ. ಹೌದಿಲ್ಲೋ? ನಾ ಯಾರ ಮುಂದೂ ಹೇಳಂಗಿಲ್ಲ."

ಆ ದನಿಯಲ್ಲಿ ಗೇಲಿ ಇರಲಿಲ್ಲ. ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು, ಇಬ್ಬರೂ ನಕ್ಕು ಒಳಗೆ ಹೋಗಬಹುದಿತ್ತು. ಹೌದು ಎಂಬ ಮಾತು ಅವನ ಗಂಟಲವರೆಗೂ ಬಂತು. ಆದರೆ ಬೆಳಗಿನಿಂದ ಸಹಿಸಿದ ನಾಚಿಕೆಯೆಲ್ಲ ಗುಂಪುಗೂಡಿ ಅದನ್ನು ಹಿಂದಕ್ಕೆ ನೂಕಿತು. ಈ ಹುಡುಗಿಯ ಎದುರಿಗೆ ಮಾತ್ರ ಇನ್ನೊಂದು ಸಲ ನಾಚಲಾರೆ ಎನ್ನಿಸಿಬಿಟ್ಟಿತು.

"ಬರ್ತೈತಿ. ಪೂರಾ ಬರ್ತೈತಿ" ಎಂದ. "ಇವತ್ತ ಬೇಕಂತನ ಏರೂದು ಅಷ್ಟ ಬಾರಿಸಿದೆ. ಇಳಿಯೂದು ಬ್ಯಾರೆ ಐತಿ, ಅದು ಇನ್ನಾ ಚಂದ."

"ಹಂಗಾ?" ಹೂವಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಹಂಗಾದ್ರ ಚೊಲೋ ಆತು ಬಿಡ್ರಿ." ಚೊಂಬನ್ನು ಹಂಡೆಯ ಮೇಲಿಟ್ಟು ಒಳಗೆ ಹೋದಳು.

ಮರಿಬಸಪ್ಪ ಪಡಸಾಲೆಗೆ ಬರುವ ಹೊತ್ತಿಗೆ ಮಹಾಂತಮ್ಮ ಪರದೆಯಿಂದ ಈಚೆ ಬಂದು ಜಮಖಾನೆಯ ನಡುವೆ ಕೂತಿದ್ದಳು. "ಏನೋ ಯಪ್ಪಾ, ಬಾರಿಸಿದ್ದು ಬರೇ ಅರ್ಧ ಅಂತಲ್ಲ? ಹೂವಿ ಹೇಳಿದ್ಲು" ಎಂದಳು.

ಅರ್ಧ ಹಾಡು! ಉರುಕುಂದಪ್ಪ ಎದೆ ಮುಟ್ಟಿಕೊಂಡ. ಮಾರಣ್ಣ ಹೊಸದಾಗಿ ಹಾಕಿಕೊಳ್ಳಲು ತೆಗೆದ ಎಲೆಯನ್ನು ಮತ್ತೆ ಸಂಚಿಗೆ ಸೇರಿಸಿದ.

"ಅರ್ಧ ಹಾಡಿಗೆ ನಾ ಮೊಮ್ಮಗಳನ್ನ ಕೊಡಂಗಿಲ್ಲ" ಎಂದಳು ಅಜ್ಜಿ. "ಆದ್ರ ಕೊಟ್ಟ ಮಾತು ತಿರುಗಿ ತಗೊಳ್ಳೂ ಮನೀನೂ ಇದಲ್ಲ. ಬರೂ ಹುಣ್ಣಿವಿಗೆ ಲಗ್ನ ಇಡ್ರಿ. ತಾಳಿ ಕಟ್ಟೂಕಿಂತ ಮೊದಲ, ಊರ ದೈವದ ಮಂದಿ ಮುಂದ, ಇಳಿಯೂ ಅರ್ಧ ಬಾರಿಸ್ಲಿ. ಹಾಡು ಮುಗೀಬೇಕು, ಆಮ್ಯಾಲೆ ತಾಳಿ."

"ಅದಕ್ಕೇನ್ರಿ, ಎರಡೂ ಕೂಡಿಸಿ ಬಾರಿಸ್ತಾನ!" ಎಂದರು ಸಿದ್ದಬಸಪ್ಪನವರು, ತೂಕಕ್ಕೆ ಒಂದು ಹಿಡಿ ಮೇಲೆ ಹಾಕುವ ಅಭ್ಯಾಸಬಲದಿಂದ.

"ಆದೋನಿಯಿಂದ ಎರಡು ಬಸ್ ಮಂದಿ ಕರ್ಕೊಂಡು ಬರ್ತೀನಿ, ಎಲ್ಲಾರೂ ಕೇಳ್ಲಿ!" ಎಂದ ಉಚ್ಚೀರಪ್ಪ.

ಪರದೆ ಸರಿದು ಹೂವಮ್ಮ ಬಾಗಿಲಲ್ಲಿ ನಿಂತಿದ್ದಳು. ನಗುತ್ತಿರಲಿಲ್ಲ. ಈಗಲಾದರೂ ಹೇಳಿಬಿಡಿ ಎನ್ನುವಂತೆ ಅವನನ್ನೇ ನೋಡುತ್ತಿದ್ದಳು. ಮರಿಬಸಪ್ಪ ಬಾಯಿ ತೆರೆದ. ಅಪ್ಪ, ಕಾಕಾ, ಬೀಗರು, ಹಿರಿಯರು ಎಲ್ಲರ ಕಣ್ಣೂ ಆ ಬಾಯಿಯ ಮೇಲಿತ್ತು.

"ಆಗ್ಲಿರಿ" ಎಂಬ ಮಾತು ಹೊರಗೆ ಬಂತು.

ಹೂವಮ್ಮ ತಲೆ ತಗ್ಗಿಸಿ ಒಳಗೆ ಹೋದಳು. ಬೆಳಗಿನಿಂದ ಪಟ್ಟ ನಾಚಿಕೆಯೆಲ್ಲ ಒಂದು ತೂಕವಾದರೆ ಅವಳ ಆ ತಗ್ಗಿದ ತಲೆ ಒಂದು ತೂಕವಾಯಿತು. ತಾನು ಮನಸಾರೆ ಬಯಸಿದ ಹೆಣ್ಣು ತನಗಾಗಿ ತೆರೆದಿಟ್ಟ ಬಾಗಿಲನ್ನು ತಾನೇ ಎರಡೆರಡು ಸಲ ಮುಚ್ಚಿಕೊಂಡೆ ಎಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ನೆಲ ನೋಡುತ್ತ ಕೂತ.

ಹುಣ್ಣಿಮೆಗೆ ಹೆಚ್ಚು ದಿನವಿಲ್ಲ. ಪೀಟರ್ಸ್ ಅಸ್ಸಾಮಿನಲ್ಲಿ ಎಲ್ಲಿದ್ದಾನೋ ಅವನ ದೇವರಿಗೇ ಗೊತ್ತು. ಉಳಿದ ಆಸೆ ಒಂದೇ ಒಂದು. ಮರಿಬಸಪ್ಪ ಅಜ್ಜಿಯ ಹತ್ತಿರ ಸರಿದು, ಯಾರಿಗೂ ಕೇಳಿಸದಂತೆ ಕೇಳಿದ. "ಅಜ್ಜೀ, ಲಗ್ನದ ದಿನ ನೀವು ಅಲ್ಲೇ ಹಂತೇಲೆ ಕುಂದ್ರತೀರಿಲ್ಲೋ? ನಿಮ್ಮ ಮೊಣಕಾಲು ಬ್ಯಾನಿ ಹೆಂಗೈತ್ರಿ?"

ಮಹಾಂತಮ್ಮ ಅವನ ಗಲ್ಲ ಸವರಿ ನೆಟಿಗೆ ಮುರಿದಳು.

"ಎಲ್ಲಿ ಬ್ಯಾನಿಯೋ ನನ್ನಪ್ಪಾ! ನಿನ್ನ ಹಾಡಿಗೆ ಅಷ್ಟೊತ್ತು ಕಾಲು ಮಡಚಿ ಕುಂತಿದ್ದೆ ನೋಡು, ಕಡೀಕ ಶಿವಾ ಅಂತ ಚಾಚಿದಾಗ ಒಳಗ ಲಟಕ್ ಅಂತು. ಎಷ್ಟೋ ವರ್ಷದಿಂದ ಹಿಡಕೊಂಡಿದ್ದ ನರ ಬಿಟ್ಟೇಬಿಟ್ಟಿತು. ಲಗ್ನದ ದಿನ ನೀ ಎಷ್ಟೊತ್ತು ಬಾರಿಸಿದ್ರೂ ನಾ ಉಸಿರು ಎತ್ತಂಗಿಲ್ಲ, ಸುಮ್ನ ಕುಂತು ಕೇಳ್ತೀನಿ."

ಹೀಗೆಂದು ಅಜ್ಜಿ ಕಂಬವನ್ನಾಗಲಿ ಗೋಡೆಯನ್ನಾಗಲಿ ಹಿಡಿಯದೆ ಎದ್ದು, ಒಂದು ಸಲವೂ ಶಿವಾ ಎನ್ನದೆ, ಸರಸರನೆ ದನದ ಕೊಟ್ಟಿಗೆಯ ಕಡೆಗೆ ನಡೆದಳು.